ಪಾಮಣ್ಣನ ಚೀಟಿ

ಕೊಪ್ಪಳದ ದೊಡ್ಡಾಸ್ಪತ್ರೆ, ಹದಿನಾಲ್ಕನೇ ಕೋಣೆ.
ಮೇಜಿನ ಮೇಲೆ ರಟ್ಟಿನ ಬಾಳೆಹಣ್ಣು, ಪ್ಲಾಸ್ಟಿಕ್ಕಿನ ಮೊಟ್ಟೆ,
ಅವುಗಳ ಹಿಂದೆ ನಾನು,
ಏನು ಉಣ್ಣಬೇಕೆಂದು ಹೇಳಿ ಸಂಬಳ ತಗೊಳ್ಳುವವಳು.

ಹುಲಿಹೈದರದ ಪಾಮಣ್ಣ ಸ್ಟೂಲಿನ ತುದಿಗೆ ಕೂತ.
ಸಕ್ಕರೆ ಇನ್ನೂರ ತೊಂಬತ್ತು. ರಕ್ತ ಒಂಬತ್ತು.
ಮೊದಲು ಗಂಗಾವತಿ ಮಿಲ್ಲಿನಾಗ ಹಮಾಲಿ,
ಈಗ ಅದೇ ಮಿಲ್ಲಿನ ಗೇಟಿಗೆ ಕುರ್ಚಿ.
'ನುಚ್ಚು ಪುಕ್ಕಟೆ ಸಿಗತೈತ್ರೀ,
ಮೂರೂ ಹೊತ್ತು ಅದೇ.'

'ಮಾಂಸ?'
'ಐತವಾರ ಬಾಯ್ಲರ್ ಕೋಳಿ. ಹತ್ತಿ ಅಗದಂಗ ಆಗತೈತಿ.'
ಆಮೇಲೆ ಬಾಗಿಲ ಕಡೆ ನೋಡಿದ, ದನಿ ಇಳಿಸಿದ:
'ಮೊಲ ತಿನ್ನಬಹುದನ್ರೀ ಅಕ್ಕಾರ?'

ಪೆನ್ನು ನಿಂತಿತು.
ಕೊಬ್ಬು ಕಮ್ಮಿ, ಕಬ್ಬಿಣ ಚಲೋ,
ಪುಸ್ತಕದ ಆ ಸಾಲು ನನಗೆ ಬಾಯಿಪಾಠ.
ಹಿಡಿದರೆ ಜೈಲು ಅನ್ನುವ ಇನ್ನೊಂದು ಪುಸ್ತಕದ ಸಾಲೂ.

ಎರಡೂ ಪುಸ್ತಕ ಓದದ ನಮ್ಮಜ್ಜ ಬೆಟದಪ್ಪ
ಪುಂಡಿನಾರಿನ ಬಲೆ ಹೆಗಲಿಗೆ ಹಾಕಿ
ಕೋಳಿ ಕೂಗುವ ಮುಂಚೆ ಎದ್ದು ಹೋಗುತ್ತಿದ್ದ.
ನಾಲ್ಕು ಗುಡ್ಡ, ಎರಡು ಹಳ್ಳ, ಕಾರಿ ಕಂಟಿಯ ಮುಳ್ಳು.
ಐದು ಸಲಕ್ಕೆ ನಾಲ್ಕು ಸಲ ಬರಿಗೈ.
ಬಂದು ತಣ್ಣೀರು ಕುಡಿದು, ರೊಟ್ಟಿಗೆ ಗುರೆಳ್ಳು ಹಿಂಡಿ ಹಚ್ಚಿಕೊಂಡು,
ನಾಯಿಯ ಕಾಲಿನ ಮುಳ್ಳು ತೆಗೆಯುತ್ತ ಕೂಡುತ್ತಿದ್ದ.

ಸಿಕ್ಕ ದಿನ
ಬಲೆಗೊಂದು ಪಾಲು, ನಾಯಿಗೊಂದು ಪಾಲು,
ಬಸುರಿ ಇದ್ದ ಮನೆಗೆ ಕಾಳಿಜ,
ಹಲ್ಲಿಲ್ಲದ ತಿಪ್ಪವ್ವಗೆ ಎಲುಬಿನ ಸಾರು.
ಗೌಡರ ಬಂದೂಕಿನ ಮೊಲದಾಗ ಛರ್ರೆ ಇರುತ್ತಿತ್ತಂತೆ,
ಕಡಿದವರ ಹಲ್ಲು ಮುರಿಯುತ್ತಿತ್ತಂತೆ.
ನಮ್ಮದರಲ್ಲಿ ಬರೀ ಮೊಲ.
ನನ್ನ ಪಾಲಿಗೆ ಬೆರಳುದ್ದ ತುಂಡು,
ಉಳ್ಳಾಗಡ್ಡಿ ಸುಟ್ಟ ವಾಸನೆ,
ಜಗಿದಷ್ಟೂ ಮುಗಿಯದ್ದು.
ಮುಗಿದ ಮೇಲೂ ಬೆರಳು ಮೂಸುತ್ತಿದ್ದೆ.

ಬಸುರಿಯ ಮನೆಗೆ ಕಾಳಿಜ ಯಾಕೆಂದು
ಅಜ್ಜನಿಗೆ ಯಾರು ಹೇಳಿದ್ದರು?
ನಾನು ಧಾರವಾಡದಲ್ಲಿ ನಾಲ್ಕು ವರ್ಷ ಫೀಸು ಕಟ್ಟಿ ಕಲಿತೆ.

'ಅಕ್ಕಾರ, ಕೇಳಿದ್ನೆಲ್ಲ.'

'ಮೊಲ ಬ್ಯಾಡ ಪಾಮಣ್ಣ' ಅಂದೆ.
'ಫಾರೆಸ್ಟಿನವ್ರ ಅಂಜಿಕೀಗೇನ್ರೀ?'
'ಹೌದು. ಅದೂ ಹೌದು.
ಗುಡ್ಡದಾಗ ಮೊಲ ಎಷ್ಟದಾವ, ನೀನ ಹೇಳು.'
ಅವನು ಎಣಿಸುವವನ ಹಾಗೆ ಚಾವಣಿ ನೋಡಿದ.
'ಇನ್ನೊಂದು ಹೇಳ್ತೀನಿ. ತಂದವರ ಕಡಿಂದ ರೊಕ್ಕಕ್ಕ ತಗೊಂಡು
ಗೇಟಿನ ಕುರ್ಚಿ ಮ್ಯಾಲೆ ಕೂತು ತಿಂದ್ರ
ಅದೂ ಬಾಯ್ಲರ್ ಆಗತೈತಿ.'
ನಕ್ಕ. ಒಂದು ಹಲ್ಲು ಇರಲಿಲ್ಲ.
ಕೇಳಲಿಲ್ಲ, ಛರ್ರೆಯೇನು ಅಂತ.

ಬರೆದೆ:
ಜೋಳದ ರೊಟ್ಟಿ ಎರಡು. ನುಗ್ಗಿ ತಪ್ಪಲ.
ಹಿತ್ತಲದಾಗ ಓಡಾಡಿದ ಊರಕೋಳಿ, ವಾರಕ್ಕೊಮ್ಮೆ, ಹಂಚಿಕೊಂಡು.
ದಿನಾ ಒಂದು ತಾಸು ನಡಿಗೆ.
'ಎಲ್ಲೀಗಿ ನಡೀಲಿ?'
'ಗುಡ್ಡದ ತನಕ.'
'ಬರಿಗೈಲೇ?'
'ಬರಿಗೈಲೇ.'
ಚೀಟಿ ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ.
ನಂಬಿದನೋ ಇಲ್ಲವೋ.

ರಾತ್ರಿ ಎಂಟಕ್ಕೆ, ಬೈಪಾಸಿನ ತಿರುವಿನಲ್ಲಿ,
ನನ್ನ ಸ್ಕೂಟಿಯ ಬೆಳಕಿಗೆ ಬಂದು ನಿಂತಿತು ಒಂದು.
ಕಿವಿಯೊಳಗಿನ ನರ ಕೆಂಪಗೆ ಕಾಣುವಷ್ಟು ಹತ್ತಿರ.
ಬ್ರೇಕು ಹಿಡಿದ ಕೈ ಹಿಡಿದೇ ಇತ್ತು.
ಬಾಯಲ್ಲಿ ನೀರು ಬಂತು.
ಸುಳ್ಳು ಯಾಕೆ ಹೇಳಲಿ, ಬಂತು.

ಲೈಟು ಆರಿಸಿದೆ.
ಕತ್ತಲಲ್ಲಿ ಕಂಟಿ ಸರಿದ ಸಪ್ಪಳ,
ಆಮೇಲೆ ಲಾರಿಗಳು.

ಮನೆಗೆ ಹೋಗಿ ಪುಂಡಿಪಲ್ಯದ ಜೋಡಿ ಮೂರು ರೊಟ್ಟಿ ತಿಂದೆ.
ಚೀಟಿಯಲ್ಲಿ ನಾನು ಬರೆಯುವುದು ಎರಡು.