ಜಾರಿ

ವಿಶ್ವವಿದ್ಯಾಲಯದ ಚಿತ್ರೋತ್ಸವ. ಅಪರಾಧ ಮತ್ತು ನ್ಯಾಯ.
ಮೂರು ದಿನ, ಹನ್ನೊಂದು ಸಿನಿಮಾ, ಪ್ರವೇಶ ಉಚಿತ.
ಕೋಲಾರ ಬಸ್ ಸ್ಟ್ಯಾಂಡಿನ ಕಂಬಕ್ಕೆ
ಮೈದಾ ಗೋಂದಿನಲ್ಲಿ ಅಂಟಿಸಿದ್ದರು.
ಒಂದು ಮೂಲೆ ಸರಿಯಾಗಿ ಕೂತಿರಲಿಲ್ಲ. ನಿಂತು ಒತ್ತಿದೆ.
ಇಪ್ಪತ್ತೊಂಬತ್ತು ವರ್ಷ ಕೋರ್ಟ್ ಅಮೀನನಾಗಿದ್ದವನ ಹೆಬ್ಬೆರಳು
ಎದ್ದ ಕಾಗದ ಕಂಡರೆ ಸುಮ್ಮನಿರದು.

ಹಾಲಿನ ಬಾಗಿಲಲ್ಲಿ ಹುಡುಗಿ ಕೇಳಿದಳು:
ಯಾವ ಡಿಪಾರ್ಟ್‌ಮೆಂಟ್ ಅಂಕಲ್?
ಸಿವಿಲ್ ಅಂದೆ.
ಇಂಜಿನಿಯರ್ ಅಂದುಕೊಂಡು
ಕೊರಳಿಗೆ ಬಿಲ್ಲೆ ಹಾಕಿ ಮುಂದಿನ ಸಾಲಲ್ಲಿ ಕೂರಿಸಿದಳು.

ದೀಪ ಆರಿತು.
ಯಾವುದೋ ದೇಶ, ಮಂಜು, ಉದ್ದ ಕೋಟು.
ಕೆಳಗಿನ ಅಕ್ಷರ ಓದುವಷ್ಟರಲ್ಲಿ
ಮೇಲೆ ಇನ್ನೊಬ್ಬ ಸತ್ತಿದ್ದ.
ಮುಂದಿನ ಸೀನಿಗೇ ಕಟಕಟೆ,
ಸಾಕ್ಷಿಗಳೆಲ್ಲ ಹಾಜರು,
ಇಸ್ತ್ರಿ ಬಟ್ಟೆ, ಕೈಚೀಲವಿಲ್ಲ, ಬುತ್ತಿಯಿಲ್ಲ.
ಪಕ್ಕದ ಹುಡುಗನನ್ನು ಕೇಳಿದೆ,
ಇವರಿಗೆಲ್ಲ ಸಮನ್ಸು ಕೊಟ್ಟವರ್ಯಾರಪ್ಪ?
ಶ್ ಅಂದ.

ಎರಡನೆಯದರಲ್ಲೂ ಹುಡುಕಿದೆ. ಮೂರನೆಯದರಲ್ಲೂ.
ಜಡ್ಜು ಇದ್ದ, ಲಾಯರು ಇದ್ದ, ಮಳೆಯಲ್ಲಿ ಓಡುವ ಪೊಲೀಸು ಇದ್ದ,
ನೇಣಿನ ಹಗ್ಗಕ್ಕೂ ಒಂದು ಕ್ಲೋಸಪ್ಪಿತ್ತು.
ಸೈಕಲ್ಲು ತುಳಿದು ನಂಗಲಿ ದಾಟಿ, ನಾಯಿಗಳನ್ನು ದಾಟಿ,
‘ಆಯಪ್ಪ ಊರ್ನಾಗಿಲ್ಲ’ ಎಂಬ ನೆರೆಯವರನ್ನು ದಾಟಿ
ಬಾಗಿಲು ತಟ್ಟುವವನು ಮಾತ್ರ ಎಲ್ಲೂ ಇರಲಿಲ್ಲ.

ಎರಡು ಗಂಟೆಯಲ್ಲಿ ತೀರ್ಪು. ಚಪ್ಪಾಳೆ.

ನನಗೆ ತಾಯಲೂರಿನ ಆಚೆಯ ಒಂದು ಬಾಗಿಲು ನೆನಪಾಯಿತು.
ಚಿನ್ನಪಾಪಮ್ಮ, ಕೋಂ ಲೇಟ್ ಪಿಳ್ಳಪ್ಪ.
ಇಪ್ಪತ್ತು ಗುಂಟೆಯ ದಾವೆ.
ಆ ಮಧ್ಯಾಹ್ನ ಬೀಗ ಇರಲಿಲ್ಲ. ಬಾಗಿಲು ಓರೆಯಾಗಿತ್ತು.
ಒಳಗೆ ಹುಣಸೆಹಣ್ಣು ಜಜ್ಜುವ ಸದ್ದು.
ಎದುರು ಪಾರ್ಟಿಯ ಮನುಷ್ಯ ಅರಳಿಕಟ್ಟೆಯಲ್ಲಿ ಕಾದಿದ್ದ,
ನನ್ನ ಜೇಬಿನ ಆಳ ಅವನಿಗೆ ಗೊತ್ತಿತ್ತು.
ಕೂಗಲಿಲ್ಲ. ತಟ್ಟಲಿಲ್ಲ.
ಓರೆ ಬಾಗಿಲಿಗೇ ಅಂಟಿಸಿದೆ, ನಾಲ್ಕೂ ಮೂಲೆ ಒತ್ತಿ.
ಪಂಚರ ಹೆಬ್ಬೆಟ್ಟು ಕಟ್ಟೆಯ ಮೇಲೇ ಸಿಕ್ಕಿತು.
‘ಸದರಿ ಮನೆಗೆ ಬೀಗ ಹಾಕಿದ್ದರಿಂದ
ಬಾಗಿಲಿಗೆ ಅಂಟಿಸಿ ಜಾರಿ ಮಾಡಿರುತ್ತೇನೆ.’
ನಾನು ಸೈಕಲ್ಲು ಹತ್ತುವ ಮೊದಲೇ
ಅವನ ಕೈ ಆ ಕಾಗದದ ಮೇಲಿತ್ತು.
ಒಳಗೆ ಸದ್ದು ನಿಂತಿರಲಿಲ್ಲ.

ಏಕಪಕ್ಷೀಯ ತೀರ್ಪು.
ಅದಕ್ಕೆ ಎರಡು ಗಂಟೆಯೂ ಬೇಕಾಗಲಿಲ್ಲ.

ಕಡೆಯ ದಿನ ಸಂವಾದ. ಪ್ರೊಫೆಸರು ಕೇಳಿದರು,
ಈ ಚಿತ್ರಗಳಲ್ಲಿ ನಿಜವಾದ ಅಪರಾಧಿ ಯಾರು?
ವ್ಯವಸ್ಥೆ ಅಂದ ಒಬ್ಬ. ಸಮಾಜ ಅಂದಳು ಒಬ್ಬಳು.
ಸಾಲಿನಿಂದ ಸಾಲಿಗೆ ದಾಟಿ
ಮೈಕು ನನ್ನ ಕೈಗೆ ಬಂತು.
ತಣ್ಣಗಿತ್ತು, ಬೀಗದ ಹಾಗೆ.

ಊಟ ಎಷ್ಟು ಗಂಟೆಗೆ, ಅಂದೆ.

ಹಾಲ್ ತುಂಬ ನಗು. ಪ್ರೊಫೆಸರೂ ನಕ್ಕರು.
ಹುಡುಗಿ ಮೈಕು ಇಸಿದುಕೊಂಡು
ಟೋಕನ್ ಕೊಟ್ಟಳು.

ಸಂಜೆ ಮುಳಬಾಗಿಲು ಬಸ್ಸು ತಡ.
ಕಂಬದ ಪೋಸ್ಟರನ್ನು ಮೈದಾದ ರುಚಿಗೆ
ಯಾವುದೋ ಮೇಕೆ ಮುಗಿಸಿತ್ತು.
ನಾನು ಒತ್ತಿದ ಮೂಲೆ ಅಲ್ಲೇ ಇತ್ತು.
ಉಗುರಿನಿಂದ ಕೆರೆದೆ.
ಬರಲಿಲ್ಲ.