ಕುಂಟಿ ಕವಡಿ

ಜಮಖಂಡಿ ತಹಶೀಲ್ದಾರ ಕಚೇರಿಯ ಎದುರು
ನನ್ನ ಝೆರಾಕ್ಸ್ ಅಂಗಡಿ, ಆರಡಿ ಬಾಯಿ, ಒಂಬತ್ತಡಿ ಹೊಟ್ಟೆ.
ಆಧಾರ್, ಉತಾರ, ಜಾತಿ ಪ್ರಮಾಣಪತ್ರ,
ಎರಡು ರೂಪಾಯಿಗೆ ಒಂದು ಹಾಳೆ.
ಮಧ್ಯಾಹ್ನ ಸಾಹೇಬರು ಊಟಕ್ಕೆದ್ದರೆ
ಸಾಲು ಬೇವಿನ ನೆರಳಿಗೆ ಸರಿಯುತ್ತದೆ.
ನಾನು ಬ್ರೌಸರಿನಲ್ಲಿ ಒಂದು ಖಾಲಿ ಪುಟ ತೆರೆಯುತ್ತೇನೆ.

ನಲವತ್ತೊಂದಕ್ಕೆ ಮತ್ತೆ ಅಕ್ಷರ ತಿದ್ದುತ್ತಿರುವವನು.
ಮೊದಲ ವಾರ ಒಂದು ಚೌಕ ಬಂತು, ನೀಲಿ.
ಎರಡನೇ ವಾರ ಅದು ಬಲಕ್ಕೆ ನಡೆಯಿತು,
ನಡೆಯಿತು, ಪರದೆಯ ಅಂಚು ದಾಟಿ
ಎಲ್ಲಿ ಮುಟ್ಟಿತೋ, ಇನ್ನೂ ನಡೆದಿದೆಯೋ.
ನಿಲ್ಲು ಅಂತ ನಾನು ಬರೆದಿರಲಿಲ್ಲ.
ಮೂರನೇ ವಾರ ಲೂಪೊಂದು ಮುಗಿಯದೆ ಸುತ್ತಿ
ಕಂಪ್ಯೂಟರೇ ಕಲ್ಲಾಯಿತು.
ಯಾರದೋ ಎರಡೆಕರೆಯ ಉತಾರ
ಅರ್ಧ ಪ್ರಿಂಟರಿನ ಹೊರಗೆ, ಅರ್ಧ ಒಳಗೆ.
"ಏನ್ ಹಚ್ಚೀಯೋ ಇದು? ನನ್ನ ಹೊಲಾ ನುಂಗೇತಿ!"

ಆಮೇಲೆ ಚೌಕಾಬಾರಾ ಹೂಡಿದೆ.
ಐದೈದ್ಲೆ ಇಪ್ಪತ್ತೈದು ಮನೆ, ಕತ್ತರಿಗೆರೆ ಹಾಕಿದ ಕಟ್ಟಿ,
ಕಾಯಿಗೆ ಬಳೆಚೂರಿನ ಬಣ್ಣ.
ಕವಡಿ ಎಸೆಯುವ ಕೆಲಸ ಒಂದೇ ಸಾಲಿಗೆ ಒಪ್ಪಿಸಿದೆ:
ಒಂದು, ಎರಡು, ಮೂರು, ನಾಲ್ಕು, ಎಂಟು,
ಇವುಗಳಲ್ಲಿ ಯಾವುದಾದರೂ ತಾ.
ತಂದಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಕುಣಿದೆ.

ನನ್ನ ಮೆಟ್ಟಿಲ ಮೇಲೆ ಶೇಂಗಾ ಮಾರುವ ಸಾವಂತ್ರೆವ್ವ
ಮೂರಾಟ ಆಡಿ, ನಾಲ್ಕಕ್ಕೆ ಕೈ ತೆಗೆದಳು.
"ದಸ್ತಗೀರಾ, ಇದರ ಕವಡಿ ಸುಳ್ಳ ಅದಾವು.
ಎಂಟ ಇಷ್ಟ ಸಲಾ ಬೀಳತೈತೇನು?
ನಾಕೂ ಬೋರಲ ಬೀಳೂದಂದ್ರ
ಬೀಗರು ಬಂದಂಗ, ಯಾವಾಗರೆ ಒಮ್ಮೆ."
"ಎಲ್ಲಾದಕ್ಕೂ ಸಮ ಪಾಲ ಇಟ್ಟೀನೆವ್ವಾ."
"ಸಮಾ ನಿನಗ ಯಾರ ಕೇಳ್ಯಾರ?"
ಸೆರಗಿನ ಗಂಟು ಬಿಚ್ಚಿ, ಝೆರಾಕ್ಸಿನ ಗಾಜಿನ ಮೇಲೆ
ನಾಲ್ಕು ಕವಡಿ ಸುರಿದಳು.
ಒಂದೊಂದೂ ತನ್ನ ಪಾಡಿಗೆ ಉರುಳಿ
ತನಗೆ ಬೇಕಾದಾಗ ನಿಂತಿತು.

ಆ ರಾತ್ರಿ ಸಾಲು ಅಳಿಸಿದೆ.
ಕವಡಿಗೊಂದು ಸಾಲು. ಅಂಗಾತಕ್ಕೆ ಒಂದು, ಬೋರಲಿಗೆ ಸೊನ್ನೆ,
ಕೂಡಿಸು. ನಾಲ್ಕೂ ಸೊನ್ನೆಯಾದರೆ ಎಂಟು
(ಸೊನ್ನೆಗೆ ಸೊನ್ನೆ ಕೂಡಿ ಎಂಟಾಗುವ ಈ ಲೆಕ್ಕಕ್ಕೆ
ನಮ್ಮ ಮಾಸ್ತರು ಬೆತ್ತ ಹಿಡಿಯುತ್ತಿದ್ದರು).
ಒಂದು ಬ್ರಾಕೆಟ್ಟು ಮರೆತು ಎರಡು ಗಂಟೆ ಹೋಯಿತು.
ಸಿಕ್ಕಾಗ ನಸುಕಿನ ಬಾಂಗು ಕೇಳುತ್ತಿತ್ತು.
ಎಂಟು ಈಗ ಹದಿನಾರಕ್ಕೊಮ್ಮೆ, ಬೀಗರ ಹಾಗೆ.

ಸಾವಂತ್ರೆವ್ವ ಆಡಿದಳು. ತಲೆದೂಗಿದಳು.
"ಛಲೋ ಆಗೇತಿ. ಕುಂಟಿ ಎಲ್ಲಿ?"
ಅವಳ ನಾಲ್ಕರಲ್ಲಿ ಒಂದರ ಅಂಚು ಮುಕ್ಕು,
ಅತ್ತೆಯ ಕಾಲದಲ್ಲೇ ಒಡೆದದ್ದು,
ಅದು ಅಂಗಾತ ಬೀಳಲು ಮನಸ್ಸು ಮಾಡುವುದಿಲ್ಲ.
ಕೆಟ್ಟ ಪ್ರತಿಗಳ ಬೆನ್ನಿಗೆ ಗೀಟು ಹಾಕುತ್ತ
ಕುಂಟಿಯೊಂದನ್ನೇ ಇನ್ನೂರು ಸಲ ಎಸೆದೆವು.
ಯಾರ್ಯಾರದೋ ರೇಷನ್ ಕಾರ್ಡಿನ ಹಿಂದೆ
ಎಪ್ಪತ್ತೊಂದು ಗೀಟು.
ಸೊನ್ನೆ ಪಾಯಿಂಟ್ ಮೂರು ಐದು ಐದು.
ಹೆಸರೇನಿಡಲಿ ಎಂದು ಯೋಚಿಸಲಿಲ್ಲ, ಕುಂಟಿ ಎಂದೇ ಇಟ್ಟೆ.

ಆದರೂ ಬಟನ್ ಒತ್ತುವ ಮೊದಲು
ಅವಳು ಖಾಲಿ ಮುಷ್ಟಿ ಕಟ್ಟಿ ಉಫ್ ಎಂದು ಊದುತ್ತಾಳೆ.
"ಅದಕ್ಕ ಕೇಳ್ಸೂದಿಲ್ಲೆವ್ವಾ" ಅಂದೆ.
"ಇವಕ್ಕರೆ ಎಲ್ಲಿ ಕೇಳಸ್ತಿತ್ತು?" ಅಂದಳು ಗಂಟು ತಟ್ಟಿ.
ಹೋಗಲಿ ಎಂದು ಒಂದು ಫಂಕ್ಷನ್ ಸೇರಿಸಿದೆ,
ಹೆಸರು ಊದು, ಹೊಟ್ಟೆಯೊಳಗೆ ಏನೂ ಇಲ್ಲ.
ಪ್ರತಿ ಎಸೆತಕ್ಕೂ ಮೊದಲು ಅದನ್ನು ಕರೆಯುತ್ತೇನೆ,
ಬರುತ್ತದೆ, ಏನೂ ಮಾಡದೆ ಹೋಗುತ್ತದೆ.

ಅವಳ ಉಸಿರಿಗೆ ಹಾರಿದ ಶೇಂಗಾ ಸಿಪ್ಪೆ
ಕೀಬೋರ್ಡಿನ ಉದ್ದ ಬಟನ್ನಿನಡಿ ಸಿಕ್ಕಿಕೊಂಡು
ಈಗ ಒಮ್ಮೊಮ್ಮೆ ಒಂದು ಒತ್ತಿಗೆ ಎರಡು ಸಲ ಎಸೆಯುತ್ತದೆ.
ಮೊದಲಿನದು ಲೆಕ್ಕಕ್ಕಿಲ್ಲ ಅನ್ನುತ್ತಾಳೆ,
ಎರಡನೆಯದು ಎಂಟಾಗಿದ್ದರೆ.