ಕಾಲು ಸುತ್ತು

ಸ್ಕ್ರೂಡ್ರೈವರಿನ ಮೊನೆ ಹೌಸಿಂಗಿನ ಮೇಲೆ,
ಹಿಡಿಕೆ ಕಿವಿಯ ತೂತಿಗೆ.
ನನ್ನ ವಿದ್ಯೆ ಇಷ್ಟೇ ಎಂದು ತಿಳಿದಿದ್ದರು
ಗೋಕುಲ ರೋಡಿನ ಶೆಡ್ಡಿನವರು.
'ಬೇರಿಂಗ್ ಡಾಕ್ಟರು ಬಂದ್ರು, ಚಾ ತರಸ್ರಿ' ಅನ್ನುವರು;
ಬಿಲ್ಲು ಕೊಟ್ಟ ದಿನ,
'ಒಂದ ಮಾತ ಹೇಳಿ ಹೋದ್ರಿ, ಮಾತಿಗೂ ರೊಕ್ಕ ಏನ್ರೀ?'

ಎಂಬತ್ತಾರರಲ್ಲಿ ಲೂನಾದ ಹಿಂದೆ ಡಬ್ಬಿ ಕಟ್ಟಿಕೊಂಡು
ಗ್ರೀಸು ಮಾರುತ್ತಿದ್ದೆ.
ವ್ಯಾಪಾರ ಕೆಟ್ಟದ್ದು ನನ್ನ ಬಾಯಿಂದಲೇ:
'ಇಷ್ಟು ಬೇಡ, ಮೂರರಲ್ಲಿ ಒಂದು ಪಾಲು ತುಂಬಿದರೆ ಸಾಕು'
ಎಂದು ಗಿರಾಕಿಗೆ ಹೇಳುವವನನ್ನು
ಯಾವ ಕಂಪನಿ ಇಟ್ಟುಕೊಂಡೀತು?
ಹಾಗೆ ಸಲಹೆಗಾರನಾದೆ.

ತಾರಿಹಾಳದ ಫಿಟ್ಟರು ಯಮನಪ್ಪ
ದಿನಕ್ಕೆರಡು ಸಲ ಗನ್ನು ಹೊಡೆಯುತ್ತಿದ್ದ,
ಕೂಸಿಗೆ ತುಪ್ಪ ಉಣಿಸಿದಂತೆ.
ಉಸಿರಾಡಲು ಜಾಗವಿಲ್ಲದೆ ಬೆಂದು ಕರ್ರಗಾದ ಬೇರಿಂಗನ್ನು
ಅವನ ಅಂಗೈಯಲ್ಲಿಟ್ಟರೆ ಕಣ್ಣು ತುಂಬಿಕೊಂಡ.
'ಹೆಚ್ಚಾತೇನ್ರೀ?'
'ಹೆಚ್ಚಾತು.'
ಮರುದಿನದಿಂದ ಒಂದು ಹನಿಯೂ ಹಾಕಲಿಲ್ಲ.
ಆ ತಪ್ಪೂ ಬಂತು ನನ್ನ ತಲೆಗೆ.

ಬ್ಯಾಡಗಿಯ ಖಾರದ ಗಿರಣಿಯಲ್ಲಿ ಹನ್ನೆರಡು ಸಲ ಸೀನಿ
ಹಳೆ ಗ್ರೀಸನ್ನು ಬೆರಳಿಂದ ಕೆರೆದು
ನಾಲಗೆಯ ತುದಿಗೆ ಮುಟ್ಟಿಸಿದೆ. ಖಾರವಿತ್ತು.
ಸೀಲು ಸೋತಿದೆ ಎಂದು ಬರೆದುಕೊಟ್ಟೆ.
ಮಾಲಕರು ರಿಪೋರ್ಟು ಓದಲಿಲ್ಲ,
ನನ್ನ ನಾಲಗೆಯ ಸುದ್ದಿಯನ್ನೇ ಊರ ತುಂಬ ಹೇಳಿದರು.

ತಿರುಗುವುದರ ಚಿಂತೆ ನನಗೆ ಅಷ್ಟಿರಲಿಲ್ಲ.
ತಿರುಗುವಾಗ ಗುಂಡಿಗೂ ಬಳೆಗೂ ನಡುವೆ ಎಣ್ಣೆಯ ಪೊರೆ,
ಕೂದಲನ್ನು ನೂರು ಸೀಳು ಮಾಡಿದರೆ ಅದರಲ್ಲೊಂದರಷ್ಟು;
ಅಷ್ಟರ ಮೇಲೆ ಟನ್ನುಗಟ್ಟಲೆ ಉಕ್ಕು ತೇಲುತ್ತದೆ.
ನಿಂತದ್ದರದೇ ಚಿಂತೆ.
ಗದಗಿನ ಆ ಜಿನ್ನಿಂಗ್ ಮಿಲ್ಲು ಹಳಿಯ ಮಗ್ಗುಲಲ್ಲೇ.
ಹಂಗಾಮು ಮುಗಿದು ಬೀಗ ಬಿದ್ದ ಮೇಲೂ
ಗೂಡ್ಸು ಹೋಗುತ್ತದೆ, ನೆಲ ನಡುಗುತ್ತದೆ,
ಕೂತ ಗುಂಡು ಕೂತಲ್ಲೇ ಬಳೆಯನ್ನು ತಿನ್ನುತ್ತದೆ.
ಅದಕ್ಕೇ ಹೇಳಿದ್ದೆ, ವಾಚಮನ್ ಹುಸೇನಸಾಬ ನದಾಫನಿಗೆ:
'ಸೋಮವಾರಕ್ಕೊಮ್ಮೆ ಶಾಫ್ಟು ಹಿಡಿದು ಕಾಲು ಸುತ್ತು ತಿರುವು,
ಮಿಲ್ಲು ಚಾಲೂ ಆಗೋ ತನಕ.'

ಮಿಲ್ಲು ಚಾಲೂ ಆಗಲಿಲ್ಲ.

ಹನ್ನೊಂದು ವರ್ಷದ ಮೇಲೆ, ಗುಜರಿಯವರು ಕಳಿಸಿದರೆಂದು
ಕಬ್ಬಿಣದ ತೂಕ ಅಂದಾಜು ಮಾಡಲು ಹೋದೆ.
ಅಷ್ಟರಲ್ಲಿ ಎಡಗಿವಿ ಪೂರ್ತಿ ಹೋಗಿತ್ತು,
ಬಲಗಿವಿಯಲ್ಲಿ ಹಗಲೂ ರಾತ್ರಿ ಒಂದು ಮೋಟರು.
ಬಾಗಿಲ ಹಿಂದಿನ ಗೋಡೆಗೆ ಇದ್ದಲಿಯ ಗೀರು, ಐದೈದರ ಕಟ್ಟು,
ಮಾಡಿನವರೆಗೆ.
ಶಾಫ್ಟಿನ ತುದಿಗೆ ಸುಣ್ಣದ ಬೊಟ್ಟು,
ಅವನ ತಂಬಾಕಿನ ಡಬ್ಬಿಯದು.
'ಮ್ಯಾಲ, ಬಲಕ್ಕ, ಕೆಳಗ, ಎಡಕ್ಕ. ಲೆಕ್ಕ ತಪ್ಪಬಾರದಲ್ರೀ.'
'ಪಗಾರ?'
'ನಾಲ್ಕ ವರ್ಷ ಆತ್ರಿ ಬಂದಿಲ್ಲ. ಇಲ್ಲೇ ಮಲಗತೇನಿ.'

ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ,
ಕಿವಿ ಹೋದವನಿಗೆ ಎಲುಬು ಕೇಳಿಸುತ್ತದೆ.
ಹುಸೇನಸಾಬ ತಿರುವಿದ. ಏನೂ ಇಲ್ಲ.
ಬೇರಿಂಗು ಚೊಕ್ಕ ಇತ್ತೋ, ನಾನೇ ಮುಗಿದೆನೋ.
ಹಿಡಿಕೆ ಒರೆಸಿ ಅವನ ಕಿವಿಗೆ ಕೊಟ್ಟು
ಈ ಸಲ ನಾನು ತಿರುವಿದೆ.
ಪಿಂಜಾರರ ಕಿವಿ, ಅಜ್ಜನ ಹತ್ತಿ ಬಡಿಯುವ ಬಿಲ್ಲಿನ ಕೆಳಗೆ ಬೆಳೆದದ್ದು.
ಕಣ್ಣು ಮುಚ್ಚಿ ನಿಂತ, ಬಹಳ ಹೊತ್ತು.
'ಅರಳಿ ಬಿದ್ದಂಗ ಐತ್ರೀ.'

ಗುಜರಿಯವರ ಫಾರ್ಮಿನಲ್ಲಿ ಒಂದೇ ಕಾಲಂ, ಕಿಲೋ.
ತುಂಬಿದೆ. ಅಂಚಿನಲ್ಲಿ ಸಣ್ಣಗೆ ಬರೆದೆ,
'ಬೇರಿಂಗು ಚಾಲೂ ಸ್ಥಿತಿ.'
ಅದನ್ನು ಓದುವವರಿಲ್ಲ, ಗೊತ್ತು.

ಗೇಟಿನ ಹತ್ತಿರ ತಿರುಗಿ ನೋಡಿದರೆ
ಶಾಫ್ಟು ಹಿಡಿದು ಬಗ್ಗಿದ್ದ,
ನಾವಿಬ್ಬರೂ ತಿರುವಿದ್ದನ್ನು ಮೆಲ್ಲಗೆ ಹಿಂದಕ್ಕೆ ಒಯ್ಯುತ್ತ.
'ಇವತ್ತ ಗುರುವಾರ ಅಲ್ರೀ ಸಾಹೇಬ್ರ' ಎಂದ,
ಸುಣ್ಣದ ಬೊಟ್ಟು ಅದರ ಸೋಮವಾರಕ್ಕೆ ಬಂದು ನಿಂತಿತು.